ಸೀಸರನ ಹಂಗಿನಲ್ಲಿದ್ದವರು

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜೂಲಿಯಸ್ ಸೀಸರ್ ಬಗ್ಗೆ ಬಂದ ಲೇಖನ ಓದಿದೆ. ಎರಡು ಕಡೆ ಅವನನ್ನು ‘ರೋಮ್ ಚಕ್ರವರ್ತಿ’ ಎಂದು ಬರೆದಿದ್ದೀರಿ. ಸೀಸರ್ ಚಕ್ರವರ್ತಿ ಆಗಲೇ ಇಲ್ಲ. ಕ್ರಿ.ಪೂ. 44ರಲ್ಲಿ ಸಾಯುವಾಗ ಅವನು ಆಜೀವ ಸರ್ವಾಧಿಕಾರಿ. ಚಕ್ರವರ್ತಿಗಳ ಸಾಲು ಶುರುವಾದದ್ದು ಅವನ ದತ್ತುಪುತ್ರ ಆಗಸ್ಟಸ್‌ನಿಂದ. ಇದು ಸಣ್ಣ ತಪ್ಪು, ಬಿಡಿ. ‘ಏಳಿಗೆ ಸಹಿಸದ ಶತ್ರುಗಳ ಹೊಟ್ಟೆಕಿಚ್ಚಿಗೆ ಬಲಿಯಾದ’ ಎಂಬ ಕೊನೆಯ ಸಾಲಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸಾಹೇಬರ ಕೋಣೆಯ ಹೊರಗಿದ್ದ ಮರದ ಬೆಂಚು ಮೂವತ್ತು ವರ್ಷ ನನ್ನ ಮೇಜಿನ ಎದುರಿಗೇ ಇತ್ತು. ಅಲ್ಲಿ ಕಾದು ಕೂತವರ ಮುಖ ಗಂಟೆಗೊಂದು ಬಣ್ಣ ತಿರುಗುವುದನ್ನು ಕಂಡವನು. ಕೆಲಸ ಆಗದವನು ಬೈದುಕೊಂಡು ಹೋಗುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಕಾದೂ ಕಾದೂ ಕೈಮುಗಿದು ಕೆಲಸ ಮಾಡಿಸಿಕೊಂಡವನು ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಸಾಹೇಬರ ಕಡೆ ನೋಡುತ್ತಿರಲಿಲ್ಲ.

ರೋಮಿನಲ್ಲೂ ಅಂಥದೊಂದು ಬೆಂಚು ಇತ್ತು. ಮಾಜಿ ಕಾನ್ಸಲ್ (ವರ್ಷಕ್ಕೆ ಇಬ್ಬರಂತೆ ಆರಿಸಿ ಬರುತ್ತಿದ್ದ ರೋಮಿನ ಅತ್ಯುನ್ನತ ಅಧಿಕಾರಿ), ಮಹಾ ವಾಗ್ಮಿ ಸಿಸೆರೊ ಒಮ್ಮೆ ಸೀಸರನನ್ನು ಕಾಣಲು ಹೋಗಿ ಹೊರಗೆ ಕಾಯುತ್ತ ಕೂತ. ಅದು ತಿಳಿದು ಸೀಸರನೇ ಅಂದನಂತೆ: ಇಂಥವನನ್ನೇ ಹೀಗೆ ಕಾಯಿಸುತ್ತಿರುವಾಗ ಜನ ನನ್ನನ್ನು ದ್ವೇಷಿಸುವುದರಲ್ಲಿ ಅನುಮಾನವೇನು? ಇವನಷ್ಟು ಸುಲಭದ ಮನುಷ್ಯ ಬೇರೊಬ್ಬನಿಲ್ಲ, ಇವನೂ ನನ್ನನ್ನು ದ್ವೇಷಿಸುತ್ತಾನೆ. ಕೊಲೆಯಾದ ಮುಂದಿನ ತಿಂಗಳು ಸೀಸರನ ಗೆಳೆಯನೊಬ್ಬ ಇದನ್ನು ಹೇಳಿದ್ದು, ಸಿಸೆರೊ ತನ್ನ ಪತ್ರದಲ್ಲಿ ಬರೆದಿಟ್ಟ.

ಮೇಲೆ ಬರುವಾಗ ಬೆಂಚಿನ ಮೇಲೆ ಕೂತಿದ್ದವನು ಸೀಸರನೇ. ಯಾವ ಪದವಿಗೂ ಬರುವ ಮೊದಲೇ 1,300 ಟ್ಯಾಲೆಂಟ್ ಸಾಲ ಮಾಡಿದ್ದ ಎನ್ನುತ್ತಾನೆ ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕೆ.ಜಿ. ಬೆಳ್ಳಿ. ಕ್ರಿ.ಪೂ. 63ರಲ್ಲಿ ಮಹಾಪುರೋಹಿತನ ಚುನಾವಣೆಯ ದಿನ, ಗೆದ್ದರೆ ಮಾತ್ರ ಮನೆಗೆ ಬರುತ್ತೇನೆ ಎಂದು ತಾಯಿಗೆ ಹೇಳಿ ಹೊರಟ. 61ರಲ್ಲಿ ಸ್ಪೇನಿಗೆ ಅಧಿಕಾರಿಯಾಗಿ ಹೊರಟಾಗ ಸಾಲಗಾರರು ಅಡ್ಡಗಟ್ಟಿದರು. ರೋಮಿನ ದೊಡ್ಡ ಶ್ರೀಮಂತ ಕ್ರಾಸಸ್ 830 ಟ್ಯಾಲೆಂಟಿಗೆ ಜಾಮೀನು ನಿಂತ ಮೇಲೆಯೇ ದಾರಿ ಬಿಟ್ಟದ್ದು. ಮರಳಿ ಬಂದಾಗ ವಿಜಯೋತ್ಸವಕ್ಕಾಗಿ ಊರ ಹೊರಗೆ ಕಾಯಬೇಕಿತ್ತು, ಕಾನ್ಸಲ್ ಚುನಾವಣೆಗೆ ನಿಲ್ಲಲು ಒಳಗೆ ಬರಬೇಕಿತ್ತು. ಹೊರಗಿನಿಂದಲೇ ನಿಲ್ಲಲು ಅನುಮತಿ ಕೇಳಿ ಅರ್ಜಿ ಹಾಕಿದ. ಸೀಸರನ ಕಡುವಿರೋಧಿ ಕೇಟೊ ಸೆನೆಟ್ಟಿನಲ್ಲಿ (ರೋಮಿನ ಹಿರಿಯರ ಸಭೆ) ಎದ್ದು ನಿಂತು ಹೊತ್ತು ಮುಳುಗುವ ತನಕ ಮಾತಾಡಿ ಆ ಅರ್ಜಿಯನ್ನು ಮುಗಿಸಿಬಿಟ್ಟ. (ನಮ್ಮಲ್ಲಿ ಇಷ್ಟು ಮಾತೂ ಬೇಕಿರಲಿಲ್ಲ, ಕಡತ ಇಲ್ಲ ಅಂದರೆ ಸಾಕಿತ್ತು.) ಸೀಸರ್ ವಿಜಯೋತ್ಸವ ಬಿಟ್ಟು ಊರೊಳಗೆ ಬಂದು ಚುನಾವಣೆಗೆ ನಿಂತು ಗೆದ್ದ.

59ರಲ್ಲಿ ಕಾನ್ಸಲ್ ಆದವನು ಎದುರು ನಿಂತ ಸಹ ಕಾನ್ಸಲ್ ಬಿಬುಲಸ್‌ಗೆ ಮಾಡಿಸಿದ್ದು ನಾಚಿಕೆಗೇಡು. ತಲೆ ಮೇಲೆ ಸಗಣಿ ಬುಟ್ಟಿ ಸುರಿದರು. ಬಿಬುಲಸ್ ಮನೆ ಸೇರಿಕೊಂಡ. ಈ ವರ್ಷ ಕಾನ್ಸಲ್‌ಗಳು ಜೂಲಿಯಸ್ ಮತ್ತು ಸೀಸರ್ ಎಂದು ಊರು ನಕ್ಕಿತು. ಪದವಿಯಲ್ಲಿ ಇರುವವರೆಗೆ ಮೊಕದ್ದಮೆ ಇಲ್ಲ, ಇಳಿದ ದಿನ ಬಿಡುವುದಿಲ್ಲ ಎಂದು ಕೇಟೊ ಕಾದಿದ್ದ. ಗಾಲ್ ದೇಶದ (ಈಗಿನ ಫ್ರಾನ್ಸ್ ಕಡೆ) ಅಧಿಕಾರವನ್ನು ಸೀಸರ್ ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದಕ್ಕೆ ಇದೂ ಕಾರಣ. ಆ ಯುದ್ಧಗಳಲ್ಲಿ ಸತ್ತ ಗಾಲ್ ಜನರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ, ‘ದಿಗ್ವಿಜಯ’ ಎಂಬ ಪದವಿದೆ.

50ರ ಡಿಸೆಂಬರಿನಲ್ಲಿ ಸೀಸರ್, ಅವನ ಎದುರಾಳಿ ದಂಡನಾಯಕ ಪಾಂಪೆ ಇಬ್ಬರೂ ಸೈನ್ಯ ಬಿಡಲಿ ಎಂಬ ಸಲಹೆ ಸೆನೆಟ್ಟಿನ ಮುಂದೆ ಬಂತು. ಪರ 370, ವಿರುದ್ಧ 22. ಆ 22 ಮಂದಿಯ ಹಟವೇ ನಡೆಯಿತು. ಮುಂದಿನ ತಿಂಗಳು ಸೀಸರ್ ಸೈನ್ಯ ಸಮೇತ ತನ್ನ ಪ್ರಾಂತದ ಗಡಿಯಾದ ರೂಬಿಕಾನ್ ಹೊಳೆ ದಾಟಿದ, ಅಂತರ್ಯುದ್ಧ ಶುರುವಾಯಿತು.

ಇಲ್ಲಿಂದ ಮುಂದೆ ಬೆಂಚಿನ ಮೇಲೆ ಕೂರುವವರು ಬೇರೆಯವರು. ಕೊರ್ಫಿನಿಯಮ್‌ನಲ್ಲಿ ಸಿಕ್ಕಿಬಿದ್ದ ಪಾಂಪೆ ಕಡೆಯ ಡೊಮಿಟಿಯಸ್‌ನನ್ನು ಸೀಸರ್ ಬಿಟ್ಟ, 60 ಲಕ್ಷ ಸೆಸ್ಟರ್ಸ್ ದುಡ್ಡನ್ನೂ ವಾಪಸು ಕೊಟ್ಟ. ಆತ ನೇರ ಹೋಗಿ ಮತ್ತೆ ಸೀಸರನ ವಿರುದ್ಧವೇ ನಿಂತ, ಫಾರ್ಸಾಲಸ್ ಕದನದಲ್ಲಿ ಸತ್ತ. ಪಾಂಪೆ ಕಡೆಯವರು ಸೋತ ಮೇಲೆ ಕೇಟೊ 46ರಲ್ಲಿ ಆಫ್ರಿಕದ ಯೂಟಿಕದಲ್ಲಿ ತನ್ನ ಹೊಟ್ಟೆಗೆ ತಾನೇ ಕತ್ತಿ ಹಾಕಿಕೊಂಡ. ಕ್ಷಮಿಸಲು ಈ ಸೀಸರನಿಗೆ ಹಕ್ಕೆಲ್ಲಿದೆ, ಇವನ ಹಂಗು ನನಗೆ ಬೇಡ ಎಂಬುದು ಅವನ ಮಾತಿನ ಅರ್ಥ. ಹಂಗು ಎಂಬ ಪದವನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊಂದವರನ್ನು ನೋಡಿ. ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಪಾಂಪೆಯ ಕಡೆಯವರು. ಸೀಸರ್ ಕ್ಷಮಿಸಿದ್ದ, 44ರಲ್ಲಿ ಇಬ್ಬರೂ ಪ್ರೇಟರ್‌ಗಳು (ಕಾನ್ಸಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಅಧಿಕಾರಿ). ಇನ್ನೊಬ್ಬ ಬ್ರೂಟಸ್, ಡೆಸಿಮಸ್ ಬ್ರೂಟಸ್, ಗಾಲ್ ಯುದ್ಧದಲ್ಲಿ ಸೀಸರನ ದಂಡನಾಯಕ, ಉಯಿಲಿನಲ್ಲೂ ಅವನ ಹೆಸರಿತ್ತು. ಮಾರ್ಚ್ 15ರ ಬೆಳಿಗ್ಗೆ ಬರಲೊಲ್ಲದ ಸೀಸರನನ್ನು ಮನೆಯಿಂದ ಸೆನೆಟ್ ಸಭೆಗೆ ಹೊರಡಿಸಿಕೊಂಡು ಬಂದವನು ಇವನೇ. ಸೀಸರನ ಬಲಗೈ ಆಂಟನಿಯನ್ನು ಸಭೆಯ ಬಾಗಿಲಲ್ಲಿ ಮಾತಿಗೆಳೆದು ನಿಲ್ಲಿಸಿದ ಟ್ರೆಬೋನಿಯಸ್‌ನನ್ನು ಹಿಂದಿನ ವರ್ಷ ಕಾನ್ಸಲ್ ಮಾಡಿದ್ದೇ ಸೀಸರ್. ಸಂಚಿನಲ್ಲಿದ್ದವರು 60ಕ್ಕೂ ಹೆಚ್ಚು, ಬಿದ್ದ ಗಾಯ 23. ಪ್ರಾಣ ತೆಗೆದದ್ದು ಒಂದೇ ಎಂದು ವೈದ್ಯ ಆಂಟಿಸ್ಟಿಯಸ್ ಹೇಳಿದ. ಅಷ್ಟು ಜನಕ್ಕೂ ಹೊಟ್ಟೆಕಿಚ್ಚು ಇರಲೇ ಇಲ್ಲ ಎನ್ನುವುದಿಲ್ಲ. ಆದರೆ ಒಂದು ಕಾಲಕ್ಕೆ ಜನರ ಮತ ಕೇಳಿ ಪಡೆಯುತ್ತಿದ್ದ ಪದವಿಯನ್ನು ಒಬ್ಬನ ಕೈಯಿಂದ ಪ್ರಸಾದದಂತೆ ತೆಗೆದುಕೊಳ್ಳಬೇಕಾಗಿ ಬಂದದ್ದನ್ನು ಹೊಟ್ಟೆಕಿಚ್ಚು ಎಂಬ ಒಂದು ಪದದಲ್ಲಿ ಮುಗಿಸಬಾರದು.

ಬೆಂಚಿನ ಮೇಲೆ ಕಾದಿದ್ದ ಸಿಸೆರೊನನ್ನು ಸಂಚಿಗೆ ಯಾರೂ ಕರೆದಿರಲಿಲ್ಲ. ಮಾರನೆಯ ವರ್ಷ ಅವನು ಟ್ರೆಬೋನಿಯಸ್‌ಗೆ ಬರೆದ ಪತ್ರವಿದೆ. ಆಂಟನಿಯನ್ನು ಬದುಕಿಸಿಬಿಟ್ಟರಲ್ಲ ಎಂಬ ಸಂಕಟ ಅದರಲ್ಲಿ. ಮಾರ್ಚ್ 15ರ ಆ ಔತಣಕ್ಕೆ ನನ್ನನ್ನೂ ಕರೆದಿದ್ದರೆ ಎಲೆಯಲ್ಲಿ ಏನೂ ಮಿಕ್ಕುತ್ತಿರಲಿಲ್ಲ ಎನ್ನುತ್ತಾನೆ, ಆ ಸುಲಭದ ಮನುಷ್ಯ.

— ನಿವೃತ್ತ ಶಿರಸ್ತೇದಾರ, ಅರಸೀಕೆರೆ