ಆಯಿಯ ಟ್ರಂಕಿನ ಬಗ್ಗೆ ಅವ್ವನಿಗೆ

ಡಬ್ಲಿನ್, ಐರ್ಲೆಂಡ್

ಪ್ರೀತಿಯ ಅವ್ವನಿಗೆ,

ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ. ಮನೆ ಕೆಡವುವ ಮೊದಲು ಆಯಿಯ ಟ್ರಂಕಿನಲ್ಲಿರುವ ದೇವರ ಸಾಮಾನು ಏನು ಮಾಡುವುದು ಅಂತ ಕೇಳಿದೆಯಲ್ಲ. ಕಾಕಾ ಕೆರೆಗೆ ಬಿಡಿ ಅಂದರಂತೆ, ತಮ್ಮ ರದ್ದಿ ಅಂಗಡಿಗೆ ಹಾಕೋಣ ಅಂದನಂತೆ. ಎರಡೂ ಬೇಡ. ಪ್ಲಾಸ್ಟರ್ ಸ್ವರೂಪ, ಅಂದರೆ ಆ ಮೂರ್ತಿ, ನೀರಿನಲ್ಲಿ ಕರಗುವುದಿಲ್ಲ, ಬೇಸಿಗೆಯಲ್ಲಿ ಕೆರೆ ಒಣಗಿದರೆ ಯೇಸುವಿನ ತಾಯಿ ಮರಿಯಮ್ಮನ ಮುಖ ಕೆಸರಿನಲ್ಲಿ ಕಾಣುತ್ತದೆ. ರದ್ದಿಯವನ ತಕ್ಕಡಿಗೆ ಹಾಕುವುದಕ್ಕಂತೂ ನನ್ನ ಮನಸ್ಸೇ ಒಪ್ಪುವುದಿಲ್ಲ.

ನಮ್ಮ ಕಥೋಲಿಕ ಕ್ರೈಸ್ತ ಸಭೆಯಲ್ಲಿ ಮೊದಲಿನಿಂದ ಬಂದಿರುವ ದಾರಿ ಎರಡು: ಸುಡುವುದು, ಇಲ್ಲವೇ ಹೂಳುವುದು. 1983ರ ಧರ್ಮಸಭೆಯ ಕಾನೂನಿನಲ್ಲಿ, 1171ನೇ ನಿಯಮದಲ್ಲಿ, ಆಶೀರ್ವಾದ ಮಾಡಿ ದೇವರ ಆರಾಧನೆಗೆ ಮೀಸಲಿಟ್ಟ ವಸ್ತು ಮನೆಯವರದ್ದೇ ಆಗಿದ್ದರೂ ಗೌರವದಿಂದ ನೋಡಿಕೊಳ್ಳಬೇಕು, ಬೇರೆ ಬಳಕೆಗೆ ಇಳಿಸಬಾರದು ಅಂತಿದೆ. ಸುಡಬೇಕು, ಹೂಳಬೇಕು ಅಂತ ಅಲ್ಲಿ ಬರೆದಿಲ್ಲ. ಅದು ಜನ ನಡೆಸಿಕೊಂಡು ಬಂದ ಪದ್ಧತಿ. ನಾನಿರುವ ಊರಲ್ಲೂ ಹಾಗೇ. ಇಲ್ಲಿ ಫೆಬ್ರವರಿ 1ಕ್ಕೆ ಸಂತ ಬ್ರಿಜಿಡ್ ಹಬ್ಬ. ಜೊಂಡಿನಿಂದ ಹೊಸ ಶಿಲುಬೆ ಹೆಣೆದು ಬಾಗಿಲ ಮೇಲೆ ಕಟ್ಟುತ್ತಾರೆ. ಹಳೆಯದನ್ನು ಎಷ್ಟೋ ಮನೆಗಳಲ್ಲಿ ಒಲೆಗೆ ಹಾಕುತ್ತಾರೆ, ಯಾರೂ ಅದನ್ನು ಪಾಪ ಅಂದುಕೊಳ್ಳುವುದಿಲ್ಲ.

ಅವ್ವಾ, ನಿನ್ನ ದನಿಯಲ್ಲಿ ಹೆದರಿಕೆ ಕೇಳಿಸಿತು. "ಮಂತ್ರಿಸಿದ್ದು, ಸುಟ್ಟರೆ ಏನಾದರೂ ಆದೀತು" ಅಂದೆ. ಏನೂ ಆಗುವುದಿಲ್ಲ. ಜಪಸರದ ಮಣಿಯಲ್ಲಿ ಶಾಪ ಕೂತಿರುವುದಿಲ್ಲ. ನಾವು ಗೌರವ ಕೊಡುವುದು ಆ ವಸ್ತು ಯಾರನ್ನು ನೆನಪಿಸುತ್ತದೋ ಅವರಿಗೆ. ಹೆದರಿ ಇನ್ನೊಂದು ಮನೆಯ ಅಟ್ಟಕ್ಕೆ ಏರಿಸಿ ಗೆದ್ದಲಿಗೆ ಬಿಡುವುದಕ್ಕಿಂತ ನೀನೇ ನಿನ್ನ ಕೈಯಾರೆ ಬೆಂಕಿಗೆ ಕೊಡುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಪಕ್ಕದ ಮನೆ ಚಾಚಿಯನ್ನು ಕೇಳು. ಹರಿದ ಕುರಾನಿನ ಹಾಳೆಗಳನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಹೂಳುವುದು ಅವರಲ್ಲೂ ಇದೆ.

ಮೊದಲು ಟ್ರಂಕ್ ಪೂರ್ತಿ ಖಾಲಿ ಮಾಡಿ ಚಾಪೆ ಮೇಲೆ ಹರಡು. ಎಲ್ಲವೂ ಆಶೀರ್ವಾದ ಮಾಡಿಸಿದ್ದಲ್ಲ. ಕ್ಯಾಲೆಂಡರಿನ ಯೇಸು, ಲಗ್ನಪತ್ರಿಕೆಯ ಶಿಲುಬೆ, ಪೇಪರಿನಿಂದ ಕತ್ತರಿಸಿದ ಚಿತ್ರ, ಇವು ಬರೀ ಕಾಗದ. ಅವನ್ನೂ ಸುಟ್ಟುಬಿಡು, ಕಾಲಿಗೆ ಸಿಗುವುದು ಬೇಡ. ಗೆದ್ದಲು ತಿಂದ ಯೇಸುವಿನ ತಿರುಹೃದಯದ ಪಟವನ್ನು ಚೌಕಟ್ಟಿನಿಂದ ಬಿಡಿಸಿ ಚಿತ್ರ ಮಾತ್ರ ಸುಡು. ಗಾಜು, ಮರ ಮಾಮೂಲಿ ಸಾಮಾನು. ಗರಿಗಳ ಭಾನುವಾರದ ಒಣ ಗರಿಗಳನ್ನು ಒಂದು ಚೀಲಕ್ಕೆ ಹಾಕಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲೇ ಚರ್ಚಿಗೆ ಕೊಡು. ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಅವುಗಳದ್ದೇ ಅಲ್ವಾ. ಬಾಟಲಿಯ ತೀರ್ಥವನ್ನು ಬಚ್ಚಲಿಗೆ ಮಾತ್ರ ಸುರಿಯಬೇಡ, ಗಿಡದ ಬುಡಕ್ಕೆ ಹಾಕು. ಎಷ್ಟೋ ಚರ್ಚುಗಳಲ್ಲಿ ಇದಕ್ಕೇ ಒಂದು ತೊಟ್ಟಿ ಇರುತ್ತದೆ. ಅದರ ಕೊಳವೆ ಚರಂಡಿಗೆ ಹೋಗುವುದಿಲ್ಲ, ನೇರ ಮಣ್ಣಿಗೆ ಇಳಿಯುತ್ತದೆ.

ಆಯಿಯ ಕಪ್ಪು ಜಪಸರ ಸುಡಬೇಡ. ಸರಿಗೆ ಕಡಿದಿದೆ ಅಷ್ಟೇ. ಇಕ್ಕಳ ಹಿಡಿಯಲು ಬರುವ ಯಾರಾದರೂ ಜೋಡಿಸಿಕೊಡುತ್ತಾರೆ. ಪ್ಲಾಸ್ಟಿಕ್ ಮಣಿಯವು ಜಾಸ್ತಿ ಇವೆ ಅಂದೆ. ಗಟ್ಟಿ ಇರುವುದನ್ನು ಚರ್ಚಿನ ಮಕ್ಕಳಿಗೆ ಹಂಚು, ಹಾಳಾದದ್ದನ್ನು ಹೂಳು, ಹೊಗೆ ಕೆಟ್ಟದ್ದು. ಬೆಳ್ಳಿ ಶಿಲುಬೆ ಮುರಿದಿದ್ದರೆ ಸರಾಫ್ ಬಜಾರಿನಲ್ಲಿ ಕರಗಿಸಿ ಹೊಸದು ಮಾಡಿಸಬಹುದು, ತಪ್ಪಿಲ್ಲ.

ಕೈ ಮುರಿದ ಮರಿಯಮ್ಮನ ಸ್ವರೂಪವೇ ಕಷ್ಟದ್ದು. ರಿಪೇರಿ ಆಗುತ್ತದೋ ನೋಡಿಸು. ಆಗದಿದ್ದರೆ ಗುರುತು ಸಿಗದ ಹಾಗೆ ಒಡೆದು ಹೂಳುವುದು ವಾಡಿಕೆ. ಒಡೆಯಲು ಕೈ ಬರದಿದ್ದರೆ ಬಟ್ಟೆಯಲ್ಲಿ ಸುತ್ತಿ ಇಡಿಯಾಗಿಯೇ ಹೂಳು. ಹಿತ್ತಲಲ್ಲಿ ಬೇವಿನ ಮರದ ಹತ್ತಿರ ಮಾಡಿ, ಹೊಸ ಮನೆಯ ಪಾಯ ಅಲ್ಲಿಗೆ ಬರುವುದಿಲ್ಲ. ಆಳಕ್ಕೆ ಅಗೆಯಲು ತಮ್ಮನಿಗೆ ಹೇಳು. ನಮ್ಮ ಕಲಬುರಗಿಯ ಎರೆಮಣ್ಣು ಗೊತ್ತಲ್ಲ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲೆ ಮೇಲೆ ಹೂಳಿದ್ದು ಮತ್ತೆ ಕಾಣಿಸಿಕೊಳ್ಳುತ್ತದೆ. ಸುಟ್ಟ ಬೂದಿಯನ್ನೂ ಅದೇ ಗುಂಡಿಗೆ ಹಾಕಿ, ಮೇಲೊಂದು ಪರ್ಸಿ ಕಲ್ಲು ಮುಚ್ಚಿ.

ಏನೂ ಹೇಳದೆ ಸುಮ್ನೆ ಚರ್ಚಿನ ಜಗಲಿ ಮೇಲೆ ಇಟ್ಟು ಬರುವುದು ಮಾತ್ರ ಬೇಡ. ಅರಳಿಮರದ ಕಟ್ಟೆ ಮೇಲೆ ಒಡೆದ ಪಟಗಳು ಮಳೆಗೆ ನೆನೆಯುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಇಟ್ಟವರ ಹೊರೆ ಇಳಿಯಿತು, ಸರಿ. ಉಳಿದದ್ದು ಗುಡಿಸುವವರ ಪಾಲಿಗೆ. ನಿನಗೆ ಸುಡಲು, ಹೂಳಲು ಆಗದಿದ್ದರೆ ಫಾದರ್ ಹತ್ತಿರ ಮೊದಲೇ ಮಾತಾಡು. ಅವರು ಬೇಡ ಅನ್ನಲಾರರು.

ಇನ್ನೊಂದು ಮಾತು. ಆಯಿಯ ಪ್ರಾರ್ಥನಾ ಪುಸ್ತಕದ ಮೊದಲ ಹಾಳೆಯಲ್ಲಿ ನಮ್ಮೆಲ್ಲರ ಹುಟ್ಟಿದ ದಿನ, ಜ್ಞಾನಸ್ನಾನದ ದಿನ ಬರೆದಿದ್ದಾಳೆ. ಮುತ್ಯಾ ತೀರಿಕೊಂಡ ದಿನವೂ ಇದೆ. ಆ ಹಾಳೆ ಬಿಡಿಸಿ ಇಟ್ಟುಕೋ. ಫೋಟೋ ತೆಗೆದು ನನಗೂ ಕಳಿಸು. ಉಳಿದ ಪುಸ್ತಕ ಗೆದ್ದಲಿಗೆ ಹೋಗಿದ್ದರೆ ಸುಡು. ಗುಂಡಿ ತೋಡುವ ದಿನ ಭಾನುವಾರ ಇಟ್ಟುಕೊಂಡರೆ ನಾನೂ ವಿಡಿಯೋ ಕಾಲ್‌ನಲ್ಲಿ ಇರುತ್ತೇನೆ, ಒಟ್ಟಿಗೆ ಒಂದು ಜಪಸರ ಹೇಳೋಣ. ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬಾರದು ಅಂತ ಹೇಳು.

ಇಂತಿ ನಿನ್ನ ಮಗಳು