ಟ್ರಿಪಲ್ ಆ್ಯಕ್ಸೆಲ್ ಬಗ್ಗೆ ಅದಿತಿಗೆ

ಚಿ. ಅದಿತಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ. "ಮೈ ಬೆಳೆಯುವುದರೊಳಗೆ ಟ್ರಿಪಲ್ ಆ್ಯಕ್ಸೆಲ್ ಬರದಿದ್ದರೆ ಇನ್ಯಾವತ್ತೂ ಬರಲ್ಲ ಅತ್ತೆ" ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಮುಂದಕ್ಕೆ ಮುಖ ಮಾಡಿ ನೆಗೆದು ಗಾಳಿಯಲ್ಲಿ ಮೂರೂವರೆ ಸುತ್ತು ಸುತ್ತುವ ಆ ಒಂದು ಜಂಪ್‌ಗೆ ಇಷ್ಟು ಭಯವೇ?

ಅಂಕದ ಲೆಕ್ಕ ನೋಡು. ಟ್ರಿಪಲ್ ಆ್ಯಕ್ಸೆಲ್‌ನ ಮೂಲ ಬೆಲೆ 8.0. ಸುತ್ತು ಸಾಲದೆ ಅಂಡರ್‌ರೊಟೇಟೆಡ್ ಆದರೆ ಶೇ 80, ಅಂದರೆ 6.4. ಜೊತೆಗೆ ಬಿದ್ದೆಯೋ, ಜಿಒಇ, ಅಂದರೆ ಗುಣಮಟ್ಟಕ್ಕೆ ತೀರ್ಪುಗಾರರು −5ರಿಂದ +5ರವರೆಗೆ ಕೊಡುವ ಅಂಕ, −5 ಆಗಿ ಅದರಲ್ಲಿ ಅರ್ಧ, 3.2 ಹೋಯಿತು, ಬಿದ್ದದ್ದಕ್ಕೆ ಇನ್ನೊಂದು ಅಂಕ ಹೋಯಿತು. ಕೈಗೆ ಉಳಿದದ್ದು 2.2. ಚೊಕ್ಕವಾಗಿ ಇಳಿದು +3 ಪಡೆದ ಡಬಲ್ ಆ್ಯಕ್ಸೆಲ್‌ಗೇ 4.29 ಬರುತ್ತದೆ. ಹಾಗೆಯೇ +3 ಪಡೆದ ಟ್ರಿಪಲ್ ಲುಟ್ಜ್‌ಗೆ, ಬ್ಲೇಡಿನ ಹೊರ ಎಡ್ಜ್‌ನಿಂದ (ಅಂಚಿನಿಂದ) ಹಿಮ್ಮುಖವಾಗಿ ಹಾರುವ ಜಂಪ್‌ಗೆ, 7.67.

ಆದರೆ ಲುಟ್ಜ್ ನಿಜವಾದ ಲುಟ್ಜ್ ಆಗಿರಬೇಕು. ಬಲಗಾಲಿನ ಟೋ ಪಿಕ್ (ಬ್ಲೇಡಿನ ಮುಂತುದಿಯ ಹಲ್ಲು) ಐಸ್‌ಗೆ ಊರುವ ಕ್ಷಣದಲ್ಲಿ ನಿನ್ನ ಎಡಗಾಲು ಹೊರ ಎಡ್ಜ್‌ನಿಂದ ಒಳಕ್ಕೆ ವಾಲುತ್ತದೆ, ಕಳೆದ ವಿಡಿಯೊದಲ್ಲಿ ಕಂಡಿತು. ಅದಕ್ಕೆ ತಾಂತ್ರಿಕ ಪ್ಯಾನೆಲ್ ತಪ್ಪು ಎಡ್ಜ್‌ನ ಗುರುತಾದ 'e' ಕೊಟ್ಟರೆ 5.9 ಇದ್ದದ್ದು 4.72ಕ್ಕೆ ಇಳಿಯುತ್ತದೆ. ಒಳ ಎಡ್ಜ್‌ನಿಂದಲೇ ಹಾರುವ ಟ್ರಿಪಲ್ ಫ್ಲಿಪ್ ಸರಿಯಾಗಿ ಮಾಡಿದರೆ ಅದಕ್ಕೇ 5.3 ಇದೆಯಲ್ಲ ಪುಟ್ಟಿ!

ಮತ್ತೆ ಆ ಭಯದ ಮಾತಿಗೇ ಬರುತ್ತೇನೆ. ಸೊಂಟ, ಭುಜ ಅಗಲವಾದರೆ ಗಾಳಿಯಲ್ಲಿ ಸುತ್ತುವ ವೇಗ ತಗ್ಗುವುದು ನಿಜ, ಸುಳ್ಳು ಹೇಳಲಾರೆ. ಆ ಕೊರತೆಯನ್ನು ಓಟದ ವೇಗ, ಕಾಲಿನ ಕಸುವು, ನೆಗೆತದ ಎತ್ತರ ತುಂಬಬೇಕು. ಜಪಾನಿನ ಸಕಾಮೊಟೊ ಕಾವೊರಿ ಟ್ರಿಪಲ್ ಆ್ಯಕ್ಸೆಲ್ ಇಲ್ಲದೆ, ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಇಲ್ಲದೆ 2022, 2023, 2024ರಲ್ಲಿ ವಿಶ್ವ ಚಾಂಪಿಯನ್ ಆದಳು. ಅವಳ ಡಬಲ್ ಆ್ಯಕ್ಸೆಲ್ ಎಷ್ಟು ದೂರ ಹಾರುತ್ತದೆ ನೋಡು. 16ಕ್ಕೆ ಆಟ ಬಿಟ್ಟಿದ್ದ ಅಮೆರಿಕದ ಅಲಿಸಾ ಲಿಯು ಬೆಳೆದ ಮೈಯಲ್ಲೇ ಮರಳಿ ಬಂದು 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಪಟ್ಟ ಗೆದ್ದಳು, ಅವೆರಡೂ ಇಲ್ಲದೆ.

2010ರ ವ್ಯಾಂಕೂವರ್ ಒಲಿಂಪಿಕ್ಸ್ ನೆನೆದರೆ ನನಗೆ ಈಗಲೂ ಸಂಕಟ. ಜಪಾನಿನ ಆಸಾಡಾ ಮಾವೊ ಮೂರು ಟ್ರಿಪಲ್ ಆ್ಯಕ್ಸೆಲ್ ಹಾರಿಯೂ 205.50ಕ್ಕೆ ನಿಂತಳು. ಒಂದೂ ಹಾರದ ದಕ್ಷಿಣ ಕೊರಿಯಾದ ಕಿಮ್ ಯುನಾಗೆ 228.56. ಮಾವೊ ಗೆಲ್ಲಲಿ ಎಂದು ಎಷ್ಟು ಹಂಬಲಿಸಿದ್ದೆ.

ನಿನಗಿನ್ನೂ ಹದಿನಾಲ್ಕು. ಸೀನಿಯರ್ ವಿಶ್ವ ಸ್ಪರ್ಧೆಗೆ ಈಗ 17 ತುಂಬಿರಬೇಕು, ಅವಸರ ಯಾರಿಗಾಗಿ?

ನಿನ್ನ ಕೋಚ್ ಮಾತಿಗೆ ಅಡ್ಡ ಬರುತ್ತಿಲ್ಲ, ತಪ್ಪು ತಿಳಿಯಬೇಡ. ಆ್ಯಕ್ಸೆಲ್ ಅಭ್ಯಾಸ ಸದ್ಯಕ್ಕೆ ಹಾರ್ನೆಸ್‌ನಲ್ಲೇ (ಬೀಳದಂತೆ ಹಿಡಿಯುವ ಪಟ್ಟಿಯಲ್ಲೇ) ಇರಲಿ, ಸೊಂಟ ನೋಯುವ ದಿನ ಅದೂ ಬೇಡ. ಫ್ರೀ ಸ್ಕೇಟ್‌ನಲ್ಲಿ, ಅಂದರೆ ಸ್ಪರ್ಧೆಯ ಉದ್ದನೆಯ ಪ್ರದರ್ಶನದಲ್ಲಿ, ಕೊನೆಯ ಮೂರು ಜಂಪ್‌ಗಳು ದ್ವಿತೀಯಾರ್ಧದಲ್ಲಿದ್ದರೆ ಶೇ 10 ಹೆಚ್ಚು ಸಿಗುತ್ತದೆ. ಟ್ರಿಪಲ್ ಲುಟ್ಜ್, ಅದರ ಬೆನ್ನಿಗೇ ಟ್ರಿಪಲ್ ಟೋ ಲೂಪ್ ಜಂಪ್, ಈ ಜೋಡಿಯನ್ನು ಅಲ್ಲಿಟ್ಟರೆ 10.1 ಇದ್ದದ್ದು 11.11 ಆಗುತ್ತದೆ. ಕಾಲು ಸೋತಿದ್ದರೆ ಮಾತ್ರ ಮುಂಚೆಯೇ ಮುಗಿಸು, ಆ ಟೋ ಲೂಪ್ ಸುತ್ತು ತಪ್ಪಿದರೆ ಬೋನಸ್‌ಗಿಂತ ನಷ್ಟವೇ ಹೆಚ್ಚು.

ಮುಂದಿನ ಸಲ ಲುಟ್ಜ್ ವಿಡಿಯೊ ತೆಗೆಯುವಾಗ ಎಡಗಾಲಿನ ಬ್ಲೇಡ್ ಕಾಣುವ ಹಾಗೆ, ನಿಧಾನಗತಿಯಲ್ಲಿ ತೆಗೆಸಿ ಕಳಿಸು.

ನಿನ್ನ ಅತ್ತೆ