ಅನುಮತಿ ಮಗನ ಹೆಸರಿಗೆ, ಬಿಲ್ ಆಫ್ ಎಂಟ್ರಿ ಅಪ್ಪನ ಹೆಸರಿಗೆ

ಗೆ,
ವ್ಯವಸ್ಥಾಪಕರು
ಕಸ್ಟಮ್ಸ್ ಕ್ಲಿಯರೆನ್ಸ್ ವಿಭಾಗ, ಬೆಂಗಳೂರು

ವಿಷಯ: ಲಸಿಕೆ ಪೆಟ್ಟಿಗೆ ಹಾಳಾದ ಬಗ್ಗೆ

ಮಾನ್ಯರೇ,

ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಬೈಕ್ ಅಪಘಾತವಾಗಿ ನನ್ನ ಮಗನ ಗುಲ್ಮ, ಅಂದರೆ ಸ್ಪ್ಲೀನ್, ತೆಗೆಯಬೇಕಾಯಿತು. ಅದಿಲ್ಲದವರಿಗೆ ಮೆನಿಂಜೋಕಾಕಸ್ ಬ್ಯಾಕ್ಟೀರಿಯಾದಂಥ ಸೋಂಕು ಪ್ರಾಣಕ್ಕೇ ಕುತ್ತು. ಡಾಕ್ಟರು ಬರೆದುಕೊಟ್ಟ ಲಸಿಕೆ ಶಿವಮೊಗ್ಗದಲ್ಲಿ ಸಿಗಲಿಲ್ಲ, ಬೆಂಗಳೂರಿನಲ್ಲಿ ವಿಚಾರಿಸಿದ ಕಡೆಯೂ ಇಲ್ಲ. ಹೊರದೇಶದಿಂದ ತರಿಸಲು ಫಾರ್ಮ್ 12ಎ ಅರ್ಜಿ ಹಾಕಿ 12ಬಿ ಅನುಮತಿಯನ್ನು ನಾವೇ ಪಡೆದೆವು. ಏಜೆಂಟರಾದ ನಿಮಗೆ ವಹಿಸಿದ್ದು ಕಸ್ಟಮ್ಸ್ ಕಾಗದ ಮಾತ್ರ.

ಅದರಲ್ಲೇ ಎಡವಿದಿರಿ. 12ಬಿ ರೋಗಿಯ ಸ್ವಂತ ಬಳಕೆಗೆ ಕೊಡುವ ಅನುಮತಿ, ಇರುವುದು ಮಗನ ಹೆಸರಿನಲ್ಲಿ. ಹಣ ನನ್ನ ಖಾತೆಯಿಂದ ಬಂತೆಂದು ನೀವು ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಲ್ಲಿ, ನನ್ನನ್ನೇ ಆಮದುದಾರನನ್ನಾಗಿ ಮಾಡಿದಿರಿ. ಹೆಸರು ತಾಳೆಯಾಗಲಿಲ್ಲ, ಔಷಧ ನಿಯಂತ್ರಕರ ಕಚೇರಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡಲಿಲ್ಲ. ಅವರನ್ನು ದೂರಲಾರೆ, ಆ ಕುರ್ಚಿಯಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಆದರೆ ಸೋಮವಾರ ಬಂದ ಆಕ್ಷೇಪಣೆ ನನಗೆ ಗೊತ್ತಾದದ್ದು ಗುರುವಾರ, ಅದೂ ಆರನೇ ಸಲ ಫೋನ್ ಮಾಡಿದಾಗ. ಅಲ್ಲಿಯವರೆಗೆ "ಪ್ರೋಸೆಸ್‌ನಲ್ಲಿದೆ ಸರ್" ಅನ್ನುವುದೊಂದೇ ಉತ್ತರ.

ಪೆಟ್ಟಿಗೆ ಮೇಲೆ 2ರಿಂದ 8 ಡಿಗ್ರಿ ಎಂದು ಕೆಂಪಕ್ಷರದಲ್ಲಿತ್ತು. ಒಳಗಿದ್ದ, ತಾಪಮಾನ ದಾಖಲಿಸುವ ಡೇಟಾ ಲಾಗರ್ ತೆಗೆದು ನೋಡಿದರೆ ಮಂಗಳವಾರ ಮಧ್ಯಾಹ್ನದಿಂದ ಗೆರೆ ಏರಿ 19 ಡಿಗ್ರಿ ಮುಟ್ಟಿದೆ. ನಿಮ್ಮ ಕಚೇರಿಯ ಹುಡುಗ ಹೇಳಿದ್ದೇನು ಗೊತ್ತೇ? "ಮಲೆನಾಡಲ್ಲಿ ಕರೆಂಟ್ ಹೋಗ್ತಿರತ್ತಲ್ಲ ಸರ್, ಅಲ್ಲೇ ಆಗಿರ್ಬೇಕು." ಹೋಗುತ್ತದೆ, ಮಳೆಗಾಲದಲ್ಲಿ ಎರಡು ದಿನ ಬರದೆಯೂ ಇರುತ್ತದೆ. ಅದಕ್ಕೇ ಕರೆಂಟ್ ಹೋದರೂ ತಂಪು ಉಳಿಸಿಕೊಳ್ಳುವ ಆಸ್ಪತ್ರೆಯ ಐಎಲ್‌ಆರ್ ಫ್ರಿಜ್ಜಿನಲ್ಲಿ ಮೊದಲೇ ಜಾಗ ಕೇಳಿಟ್ಟಿದ್ದೆ. ಆದರೆ ಮಂಗಳವಾರ ಪೆಟ್ಟಿಗೆ ಇದ್ದದ್ದು ಬೆಂಗಳೂರು ಏರ್‌ಪೋರ್ಟಿನ ಕಾರ್ಗೊದಲ್ಲಿ. ಆಗುಂಬೆಯ ಮಳೆ ಅಲ್ಲಿಯವರೆಗೂ ಬಂದು ಕರೆಂಟ್ ತೆಗೆಯುವುದಿಲ್ಲ.

ಸಿರಿಂಜು ನೋಡಲು ಚೆನ್ನಾಗೇ ಇತ್ತು. ಡಾಕ್ಟರು ಗ್ರಾಫ್ ನೋಡಿ, "ಇದನ್ನು ಚುಚ್ಚುವ ಧೈರ್ಯ ನನಗಿಲ್ಲ" ಎಂದು ಪಕ್ಕಕ್ಕಿಟ್ಟರು. ಇಷ್ಟಾದ ಮೇಲೂ ನಿಮ್ಮ ಬಿಲ್ಲಿನಲ್ಲಿ ಡೆಮರೇಜು, ಅಂದರೆ ಸರಕು ತಡವಾಗಿ ಬಿಡಿಸಿದ್ದಕ್ಕೆ ದಂಡ, ಅದರ ಕೆಳಗೆ ತಂಪು ಕಾಪಾಡಿದ್ದಕ್ಕೆಂದು "ಕೋಲ್ಡ್ ಚೈನ್ ನಿರ್ವಹಣೆ" ಎಂಬ ಇನ್ನೊಂದು ಸಾಲು!

ಲಸಿಕೆಯ ಬೆಲೆ, ಸಾಗಣೆ ವೆಚ್ಚ, ನಿಮ್ಮ ಶುಲ್ಕ ಮೂರನ್ನೂ 15 ದಿನದೊಳಗೆ ಹಿಂದಿರುಗಿಸಿ. ಪೆಟ್ಟಿಗೆ ಯಾವ ದಿನ ಯಾವ ಶೆಡ್‌ನಲ್ಲಿತ್ತು ಎಂಬುದನ್ನು ಬರವಣಿಗೆಯಲ್ಲಿ ಕೊಡಿ. ಫೋನಿನ ಮಾತು ಸಾಕಾಗಿದೆ. ಇಲ್ಲದಿದ್ದರೆ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಇಂತಿ,
ರೋಗಿಯ ತಂದೆ, ತೀರ್ಥಹಳ್ಳಿ

ಲಗತ್ತು: 12ಬಿ ಪ್ರತಿ, ಬಿಲ್ ಆಫ್ ಎಂಟ್ರಿ, ಲಾಗರ್ ಗ್ರಾಫ್, ನಿಮ್ಮ ಬಿಲ್ಲು